ಮಗ್ಗ ಸುಮ್ಮನಾದಾಗ ಪುಸ್ತಕದ ಪೆಟ್ಟಿಗೆ: ಇಳಕಲ್ ಸೀಮೆಯ ನನ್ನ ಅನುಭವ

ನೇಕಾರರ ಓಣಿಯಲ್ಲಿ ಗ್ರಂಥಾಲಯ ನಡೆಸುತ್ತೇನೆ ಅಂದಾಗ ಜೊತೆಗಿದ್ದ ಸ್ವಯಂಸೇವಕರೇ ನಕ್ಕಿದ್ದರು. ಈಗ ತಿಂಗಳಿಗೆ 80-90 ಪುಸ್ತಕ ಮನೆಮನೆ ಸುತ್ತಿ ಬರುತ್ತಿವೆ. ಅದಕ್ಕೇ ಬರೀತಿದ್ದೇನೆ, ಸ್ವಲ್ಪ ಜಂಬ ಅಂದುಕೊಂಡರೂ ಪರವಾಗಿಲ್ಲ.

ಊರು ಇಳಕಲ್‌ನಿಂದ ಹತ್ತು-ಹನ್ನೆರಡು ಕಿಲೋಮೀಟರ್. ಮೊದಲ ವರ್ಷ ಎಲ್ಲರೂ ಮಾಡೋ ತಪ್ಪನ್ನೇ ಮಾಡಿದೆ. ಗುಡಿ ಪಕ್ಕದ ಖಾಲಿ ಕೋಣೆ ಹಿಡಿದು ರ‍್ಯಾಕು, ಜಮಖಾನ, ಟ್ಯೂಬ್‌ಲೈಟು, ಸುಣ್ಣ-ಬಣ್ಣ ಅಂತ ಸುಮಾರು 18,000 ರೂಪಾಯಿ ಸುರಿದೆ. ಸಂಜೆ 5ರಿಂದ 7. ಬಂದವರು ಇಬ್ಬರೋ ಮೂವರೋ, ಅದೂ ಫ್ಯಾನಿನ ಗಾಳಿಗೆ. ಆ ಹೊತ್ತಿಗೆ ಮಕ್ಕಳೆಲ್ಲ ಮನೆಯಲ್ಲಿ ಕಂಡಿಕೆ (ಲಾಳಿಯೊಳಗೆ ಇಡುವ ನೂಲಿನ ಸುರುಳಿ) ಸುತ್ತುತ್ತಾ ಕೂತಿರುತ್ತಾರೆ ಅಂತ ನನಗೆ ಹೊಳೆಯಲು ಎಂಟು ತಿಂಗಳು ಬೇಕಾಯ್ತು.

ನಡುವೆ ಇನ್ನೊಂದು ಹುಚ್ಚು. ನೇಕಾರರಿಗೆ ನೆರವಾಗ್ತೀನಿ ಅಂತ ನೇರವಾಗಿ 14 ಸೀರೆ ಕೊಂಡು ಪರಿಚಯದವರಿಗೆ ಮಾರಲು ಹೊರಟೆ. 9 ಹೋದವು. ಉಳಿದವು ನನ್ನ ಬೀರುವಿನಲ್ಲಿ, ಹತ್ತಿರ ಹತ್ತಿರ 12,000 ರೂಪಾಯಿ ಅಲ್ಲೇ ಮಲಗಿತು. ದುಡ್ಡು ಹೋಗಲಿ, ನೂಲು ಕೊಟ್ಟು ಕೂಲಿಗೆ ನೇಯಿಸುವ ಸಾಹುಕಾರರು ಸಿಟ್ಟಾಗಿ ಒಂದು ಮನೆಗೆ ಮೂರು ವಾರ ನೂಲೇ ಕೊಡಲಿಲ್ಲ. ಅವರಿಂದಲೇ ಮುಂಗಡ ತಗೊಂಡಿದ್ದ ಮನೆ, ಬಾಯಿ ಬಿಡುವ ಹಾಗೂ ಇಲ್ಲ. ಆ ಕೂಲಿ ನನ್ನ ಜೇಬಿನಿಂದ ಹೋಯ್ತು. ಸೀರೆ ಮಾರಲು ಹೊರಡುವವರು ಮೊದಲು ಮುಂಗಡ ಎಷ್ಟಿದೆ ಅಂತ ಕೇಳಿಕೊಳ್ಳಿ.

ದಾರಿ ಸಿಕ್ಕಿದ್ದು ಅಚಾನಕ್ಕಾಗಿ. ಮಗ್ಗ ನಡೆಯುವಾಗ ಓದೋದಿರಲಿ, ಮಾತೇ ಕೇಳಿಸಲ್ಲ. ಆದರೆ ಇಳಕಲ್ ಸೀರೆಗೆ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ನೂಲು) ಬೇರೆ, ಸೆರಗಿನ ಹಾಸು ಬೇರೆ ಅಲ್ವಾ? ಎರಡನ್ನೂ ಕೊಂಡಿ ಹಾಕಿ ಕೂಡಿಸಬೇಕು, ಹೊಸ ಹಾಸು ಬಂದಾಗ ಒಂದೊಂದೇ ಎಳೆ ಕೆಚ್ಚಬೇಕು, ಅಂದರೆ ಹಳೇ ಹಾಸಿನ ತುದಿಗೆ ಜೋಡಿಸಬೇಕು. ಆಗ ಗಂಟೆಗಟ್ಟಲೆ ಮಗ್ಗ ಸುಮ್ಮನಿರುತ್ತೆ. ಕೈಗೂ ಕೆಲಸ, ಕಣ್ಣಿಗೂ ಕೆಲಸ, ಕಿವಿ ಮಾತ್ರ ಖಾಲಿ. ಹಾಗೆ ಕೂತಿದ್ದ ಒಬ್ಬ ಅಜ್ಜಿಯ ಎದುರು ಮೊಮ್ಮಗಳಿಂದ ಸುಮ್ನೆ ಒಂದು ದೆವ್ವದ ಕಥೆ ಓದಿಸಿದೆ. ಹುಡುಗಿ ನಡುವೆ ನಿಲ್ಲಿಸಿದರೆ "ನೀ ಓದವಾ, ನಾ ಕೆಚ್ಚತೀನಿ" ಅಂದರು.

ಮರುವಾರವೇ ಕೋಣೆಗೆ ಬೀಗ. ಪುಸ್ತಕಗಳನ್ನು ಆರು ತಗಡಿನ ಪೆಟ್ಟಿಗೆಗೆ ತುಂಬಿದೆ, ಒಂದಕ್ಕೆ 400 ರೂಪಾಯಿ ಬಿದ್ದಿರಬೇಕು. ಯಾರ ಮನೆಯಲ್ಲಿ ಕೆಚ್ಚುವ ಕೆಲಸವೋ ಅಲ್ಲಿಗೆ ಪೆಟ್ಟಿಗೆ. ಯಾವ ಮನೆಯ ಮಗ್ಗ ಯಾವತ್ತು ನಿಲ್ಲುತ್ತೆ ಅಂತ ನನಗೆ ಹಿಂದಿನ ದಿನವೇ ಹೇಗೆ ಗೊತ್ತಾಗುತ್ತೆ ಅನ್ನೋದನ್ನ ಮಾತ್ರ ಹೇಳಲ್ಲ.

ಕಥೆಗಳನ್ನು ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಹಾಕಿಯೂ ನೋಡಿದೆ. 2,200 ರೂಪಾಯಿ ದಂಡ. ಮಗ್ಗದ ಸದ್ದಿಗೆ ಅದು ಸೋತಿತು. ಮಗ್ಗ ನಿಂತಾಗಲೂ ಯಾರಿಗೂ ಬೇಡವಾಯ್ತು, ಯಾಕಂದ್ರೆ ಮಕ್ಕಳು ಓದುವಾಗ ತಪ್ಪು ತಿದ್ದೋದರಲ್ಲೇ ಹಿರಿಯರಿಗೆ ಅರ್ಧ ಮಜಾ.

ಇನ್ನೊಂದು ಪ್ರಯೋಗ ಮಾತ್ರ ನಾನು ಎಣಿಸಿರದಷ್ಟು ಬೆಳೆಯಿತು. ಒಂದು ಗ್ರಾಫ್ ಪುಸ್ತಕ ಕೊಟ್ಟು, ಮನೆಯಲ್ಲಿರುವ ಹಳೇ ಸೀರೆಯ ದಡಿ, ಸೆರಗಿನ ವಿನ್ಯಾಸ ನೋಡಿ ಚೌಕ ತುಂಬಿ ಅಂದೆ. ಗೋಮಿ, ಚಿಕ್ಕಿ ಪರಾಸ, ಗಾಡಿ ಅನ್ನೋ ದಡಿಗಳು, ಟೋಪ ತೆನಿ ಸೆರಗು, ಎಲ್ಲ ಹೆಸರು ಸಮೇತ ಬಂತು. ಈಗ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಎರವಲು ಹೋಗೋದು ಅದೇ. ಒಂದು ಸಲ ಆ ಸಾಹುಕಾರರ ಮನೆಗೂ ಹೋಗಿತ್ತು. ವಾಪಸ್ ಬರಲು ಎರಡು ತಿಂಗಳು ಹಿಡೀತು, ದಂಡ ಕೇಳಲು ನನಗೆ ಧೈರ್ಯ ಬರಲಿಲ್ಲ.