ಗೇರ್ ನಾಬ್ ಸೊಟ್ಟಗಾಗದಂತೆ ಕೂರಿಸುವುದು

ಸುರತ್ಕಲ್‌ನಲ್ಲಿ ನಮ್ಮ ಮನೆ ಕಡಲಿಗೆ ಹತ್ತಿರ. ಬೆವರು, ಉಪ್ಪುಗಾಳಿ ಸೇರಿ ಹಳೆಯ ಹೋಂಡಾ ಸಿಟಿ ಕಾರಿನ ಗೇರ್ ಲಿವರ್ ತುದಿಯ ಹಿಡಿ, ಅಂದರೆ ಗೇರ್ ನಾಬ್‌ನ ಚರ್ಮ ಸುಲಿದು ಹೋಗಿತ್ತು. ಭಾನುವಾರ ನಾನೇ ಬದಲಾಯಿಸಿದೆ.

ಕೊಳ್ಳುವ ಮೊದಲು ಥ್ರೆಡ್ (ತಿರುಪಿನ ಸುರುಳಿ) ಅಳತೆ ನೋಡಿ. ಹೋಂಡಾಗೆ ಸಾಮಾನ್ಯವಾಗಿ ಎಂ10 (10 ಮಿ.ಮೀ. ದಪ್ಪ), ಪಿಚ್ (ಎರಡು ಸುರುಳಿಗಳ ನಡುವಿನ ಅಂತರ) 1.5 ಮಿ.ಮೀ. ಟೊಯೋಟಾದಲ್ಲಿ ಹೆಚ್ಚಾಗಿ ಎಂ12, ಪಿಚ್ 1.25. ಪಿಚ್ ತಪ್ಪಿದ ನಾಬನ್ನು ಬಲವಂತವಾಗಿ ತಿರುಗಿಸಿದರೆ ಲಿವರ್‌ನ ಥ್ರೆಡ್ಡೇ ಹಾಳು.

ಹ್ಯಾಂಡ್‌ಬ್ರೇಕ್ ಎಳೆದು, ಲಿವರ್ ಸುತ್ತಲಿನ ಹೊದಿಕೆಯನ್ನು (ಬೂಟ್) ಕೆಳಗೆ ಸರಿಸಿ, ಹಳೆಯದನ್ನು ಎಡಕ್ಕೆ ತಿರುಗಿಸಿ ಬಿಚ್ಚಿ. ನನ್ನದು ತುಂಬಾ ಬಿಗಿಯಾಗಿತ್ತು, ಒದ್ದೆ ಬಟ್ಟೆ ಸುತ್ತಿ ಹಿಡಿದ ಮೇಲೆ ಸಡಿಲವಾಯಿತು. ಥ್ರೆಡ್ ಮೇಲಿನ ತುಕ್ಕನ್ನು ಬ್ರಷ್‌ನಿಂದ ಉಜ್ಜಿ. ನಮ್ಮ ಕರಾವಳಿಯಲ್ಲಿ ಇದನ್ನು ಬಿಡಲೇಬೇಡಿ.

ಈಗ ಮುಖ್ಯ ಕೆಲಸ. ನಾಬನ್ನು ಕೊನೆಯವರೆಗೆ ತಿರುಗಿಸಿದರೆ ಮೇಲಿನ ಗೇರ್ ಚಿತ್ರ ಎಲ್ಲೋ ಪಕ್ಕಕ್ಕೆ ನಿಲ್ಲುತ್ತದೆ, ಅಲ್ವಾ? ಅದಕ್ಕೇ ಲಾಕ್ ನಟ್, ಅಂದರೆ ನಾಬನ್ನು ಕೆಳಗಿನಿಂದ ಒತ್ತಿ ಅಲುಗದಂತೆ ಹಿಡಿಯುವ ನಟ್. ಮೊದಲು ನಟ್ಟನ್ನು ಲಿವರ್ ಮೇಲೆ ಸ್ವಲ್ಪ ಕೆಳಗಿನವರೆಗೆ ಇಳಿಸಿ. ಆಮೇಲೆ ನಾಬ್ ಹಾಕಿ, ಡ್ರೈವರ್ ಸೀಟಿನಲ್ಲೇ ಕೂತು ಚಿತ್ರ ನೇರವಾಗುವಷ್ಟು ತಿರುಗಿಸಿ. ಪಕ್ಕದಿಂದ ಬಾಗಿ ನೋಡಿದರೆ ಕಣ್ಣು ಮೋಸ ಮಾಡುತ್ತದೆ. ನಾಬನ್ನು ಒಂದು ಕೈಯಲ್ಲಿ ಅಲುಗದಂತೆ ಹಿಡಿದು, ಸ್ಪ್ಯಾನರ್‌ನಿಂದ ನಟ್ಟನ್ನು ಎಡಕ್ಕೆ ತಿರುಗಿಸಿ ಮೇಲಕ್ಕೆ ಬಿಗಿ ಮಾಡಿ. ಅಂಟು ಬೇಡ. ಮುಂದೆ ಬಿಚ್ಚಲು ಕಷ್ಟ.

ಎಂಜಿನ್ ಆಫ್ ಇರುವಾಗ ಕ್ಲಚ್ ಒತ್ತಿ ಎಲ್ಲ ಗೇರ್, ರಿವರ್ಸ್ ಕೂಡ, ಹಾಕಿ ನೋಡಿ. ಸ್ಟೀಲ್ ನಾಬ್ ಚೆಂದ ಕಾಣುತ್ತದೆ, ಆದರೆ ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದನ್ನು ಮುಟ್ಟಲಾಗುವುದಿಲ್ಲ. ನಾನು ಮರದ್ದೇ ಹಾಕಿದೆ.