ವೈನ್‌ನಲ್ಲಿ ತೆರೆಯದ ಹಳೆಯ ವಿಂಡೋಸ್ ತಂತ್ರಾಂಶ: ನನಗೆ ಸಿಕ್ಕ ಪರಿಹಾರ

ವಿಷುಯಲ್ ಬೇಸಿಕ್ 6ರಲ್ಲಿ ಬರೆದ 32 ಬಿಟ್ ವಿಂಡೋಸ್ ತಂತ್ರಾಂಶವೊಂದು ಲಿನಕ್ಸ್‌ನಲ್ಲಿ ವಿಂಡೋಸ್ ತಂತ್ರಾಂಶಗಳನ್ನು ನಡೆಸಲು ನೆರವಾಗುವ ವೈನ್ ಮೂಲಕ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು. ಎಂಎಸ್‌ವಿಬಿವಿಎಂ60 ಎಂಬ ಡಿಎಲ್ಎಲ್ (ತಂತ್ರಾಂಶಕ್ಕೆ ಬೇಕಾದ ಸಹಾಯಕ ಕಡತ) ಸಿಗಲಿಲ್ಲವೆಂದು ಟರ್ಮಿನಲ್ ಹೇಳುತ್ತಿತ್ತು. ವೈನ್ ಅಳಿಸಿ ಮತ್ತೆ ಹಾಕಿದರೂ, ಸೆಟ್ಟಿಂಗ್‌ನಲ್ಲಿ ವಿಂಡೋಸ್ ಎಕ್ಸ್‌ಪಿ ಆರಿಸಿದರೂ ಪ್ರಯೋಜನವಾಗಲಿಲ್ಲ. ಆ ಕಡತವನ್ನು ಸಿಸ್ಟಮ್32ಕ್ಕೆ ನಕಲಿಸುವುದೂ ವ್ಯರ್ಥ. 64 ಬಿಟ್ ಪ್ರಿಫಿಕ್ಸ್‌ನಲ್ಲಿ (ವೈನ್ ತನ್ನ ವಿಂಡೋಸ್ ಕಡತಗಳನ್ನೂ ಸೆಟ್ಟಿಂಗ್‌ಗಳನ್ನೂ ಇಡುವ ಫೋಲ್ಡರ್) ಸಿಸ್ಟಮ್32 ಇರುವುದು 64 ಬಿಟ್ ಕಡತಗಳಿಗೆ. 32 ಬಿಟ್‌ನವು ಸಿಸ್‌ವಾವ್64ರಲ್ಲಿ ಇರಬೇಕು. ಹೆಸರನ್ನು ನಂಬಬೇಡಿ.

ಕೊನೆಗೆ ಕೆಲಸ ಮಾಡಿದ್ದು ಹೊಸ 32 ಬಿಟ್ ಪ್ರಿಫಿಕ್ಸ್. ವೈನ್‌ಪ್ರಿಫಿಕ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಇನ್ನೂ ಸೃಷ್ಟಿಯಾಗದ ಫೋಲ್ಡರ್‌ನ ವಿಳಾಸವನ್ನೂ, ಪ್ರಿಫಿಕ್ಸ್‌ನ ಬಗೆ ಹೇಳುವ ವೈನ್‌ಆರ್ಚ್ ಎಂಬ ವೇರಿಯಬಲ್‌ಗೆ ವಿನ್32 ಎಂಬ ಮೌಲ್ಯವನ್ನೂ ಕೊಟ್ಟು, ಪ್ರಿಫಿಕ್ಸ್ ಸೃಷ್ಟಿಸುವ ವೈನ್‌ಬೂಟ್ ಆಜ್ಞೆಯನ್ನು ಟರ್ಮಿನಲ್‌ನಲ್ಲಿ ನಡೆಸಿ. ಪ್ರಿಫಿಕ್ಸ್ ಯಾವ ಬಗೆಯದೆಂಬುದು ಸೃಷ್ಟಿಯಾಗುವಾಗಲೇ ನಿರ್ಧಾರವಾಗುತ್ತದೆ, ಹಳೆಯದನ್ನು ಪರಿವರ್ತಿಸಲಾಗದು. ಬಳಿಕ ಅದೇ ಪ್ರಿಫಿಕ್ಸ್‌ಗೆ ವೈನ್‌ಟ್ರಿಕ್ಸ್ ಎಂಬ ಸಹಾಯಕ ಸಾಧನದಿಂದ, ಆ ಡಿಎಲ್ಎಲ್ ಇರುವ ವಿಬಿ6ರನ್ ಹಾಕಿ, ಆಮೇಲಷ್ಟೇ ತಂತ್ರಾಂಶವನ್ನು ಸ್ಥಾಪಿಸಿ. ಪ್ರತಿ ಸಲ ತೆರೆಯುವಾಗಲೂ ವೈನ್‌ಪ್ರಿಫಿಕ್ಸ್ ಅದೇ ಇರಬೇಕು.