ಡೆಟ್ರಾಯ್ಟ್‌ಗೆ ಹೋಗಿ ಒಂದು ಕೋಣೆ ನೋಡಿ ಬಂದೆ

ಮೊದಲ ಸಲ ಹೋದಾಗ ಬಾಗಿಲು ಹಾಕಿತ್ತು. ಮಗನಿಗೆ ರಜೆ ಇದ್ದದ್ದು ಸೋಮವಾರ, ಮ್ಯೂಸಿಯಂಗೂ ಸೋಮವಾರವೇ ರಜೆ. ಬಾಗಿಲ ಮುಂದೆ ನಿಂತಮೇಲೆ ಇದು ಗೊತ್ತಾಯ್ತು. "ರೀ, ನಮ್ಮ ಕೋಲಾರಮ್ಮನ ಗುಡಿಯಾಗಿದ್ರೆ ವಾರ ನೋಡೋ ಹಾಗೇ ಇರಲಿಲ್ಲ" ಅಂದಳು ನನ್ನಾಕೆ. ಸುಮ್ನೆ ವಾಪಸ್ ಬಂದೆವು.

ನಾನು ಚಿತ್ರಕಲೆ ಓದಿದವನಲ್ಲ. ಕೆಜಿಎಫ್ ಗಣಿಯ ವರ್ಕ್‌ಶಾಪ್‌ನಲ್ಲಿ ಟರ್ನರ್ ಆಗಿದ್ದೆ, ಲೇತ್‌ನಲ್ಲಿ ಲೋಹ ಕಡೆಯೋ ಕೆಲಸ. ಮನೆ ಬಂಗಾರಪೇಟೆ, ಓಡಾಟ ಮಾರಿಕುಪ್ಪಂ ರೈಲಿನಲ್ಲಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಮೆರಿಕಕ್ಕೆ ಹೋದಾಗ ಮಗ ಜಲಪಾತ, ಮಾಲ್ ಅಂತ ಪಟ್ಟಿ ಹಾಕಿಟ್ಟಿದ್ದ. ನಾನೇ ಕೇಳಿದೆ, "ಡೆಟ್ರಾಯ್ಟ್ ಅಂದ್ರೆ ಕಾರ್ಖಾನೆ ಊರಲ್ವಾ, ಅಲ್ಲಿ ಏನಿದೆ?" ಅವನು, "ಅಪ್ಪ, ಅಲ್ಲೊಂದು ಗೋಡೆಯಿದೆ, ನಿಮಗೆ ಹಿಡಿಸುತ್ತೆ" ಅಂದ.

ಬುಧವಾರ ಬಾಗಿಲು ತೆಗೆಯೋ ಹೊತ್ತಿಗೇ ಹೋದೆವು. ಡೆಟ್ರಾಯ್ಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್ ಅಂತ ಅದರ ಹೆಸರು. ಸುತ್ತಲಿನ ಮೂರು ಕೌಂಟಿಗಳ, ಅಂದ್ರೆ ನಮ್ಮ ಜಿಲ್ಲೆಗಳಂಥವುಗಳ, ಜನ ಅದಕ್ಕಾಗಿ ತೆರಿಗೆ ಕಟ್ಟುತ್ತಾರೆ, ಅವರಿಗೆ ಪ್ರವೇಶ ಪುಕ್ಕಟೆ. ಮಗನದ್ದು ಓಕ್ಲೆಂಡ್ ಕೌಂಟಿ, ಅವನು ಹಾಗೇ ಹೋದ. ನಮಗಿಬ್ಬರಿಗೆ ಟಿಕೆಟ್. ಒಳಗೆ ನೂರಕ್ಕೂ ಜಾಸ್ತಿ ಕೋಣೆಗಳು. ಎಲ್ಲಾ ಸುತ್ತಿದರೆ ಸಂಜೆಗೆ ಮಂಡಿನೋವು ಬಿಟ್ಟು ಏನೂ ಉಳಿಯಲ್ಲ. ಒಂದೇ ಕೋಣೆ ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ. ನನ್ನಾಕೆ ಮಗನ ಜೊತೆ ಬೇರೆ ಕಡೆ ಹೋದಳು.

ಆ ಕೋಣೆಯ ನಾಲ್ಕೂ ಗೋಡೆಗೆ ಮೆಕ್ಸಿಕೋದ ಡಿಯಾಗೋ ರಿವೆರಾ ಚಿತ್ರ ಬರೆದಿದ್ದಾನೆ. ಒಟ್ಟು 27 ಭಾಗ, 1932ರಲ್ಲಿ ಶುರು ಮಾಡಿ 1933ರಲ್ಲಿ ಮುಗಿಸಿದ್ದು. ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ಕೆಲಸ. ಗಾರೆ ಒಣಗಿದರೆ ಬಣ್ಣ ಹಿಡಿಯಲ್ಲ, ಹಾಗಾಗಿ ಅವತ್ತು ಎಷ್ಟು ಬರೆಯಬಹುದೋ ಅಷ್ಟಕ್ಕೇ ಗಾರೆ ಮೆತ್ತಬೇಕು. ಕೊಟ್ಟ ಕೆಲಸ ಶಿಫ್ಟಿನೊಳಗೆ ಮುಗಿಸೋ ಕಷ್ಟ ನನಗೆ ಗೊತ್ತು.

ಉತ್ತರದ ಗೋಡೆ ಮುಂದೆ ಕೂತೆ. ಫೋರ್ಡ್ ಕಂಪನಿಯ ರೂಜ್ ಕಾರ್ಖಾನೆಯಲ್ಲಿ ವಿ-8 ಎಂಜಿನ್ ತಯಾರಾಗುವ ದೃಶ್ಯ. ಮೇಲೆ ಕುಲುಮೆ, ಕೆಳಗೆ ಎಂಜಿನ್ ಬ್ಲಾಕುಗಳ ಸಾಲು, ಅಕ್ಕಪಕ್ಕ ಆಳೆತ್ತರ ಮೀರಿದ ಡ್ರಿಲ್ಲಿಂಗ್ ಮಷೀನು. ಮೊದಲ ಅರ್ಧ ಗಂಟೆ ಬರೀ ಗಜಿಬಿಜಿ. ಆಮೇಲೆ ಶಾಪಿನಲ್ಲಿ ಹೊಸ ಕೆಲಸದ ಡ್ರಾಯಿಂಗ್ ಬಂದಾಗ ಮಾಡುತ್ತಿದ್ದ ಹಾಗೆ ಮಾಡಿದೆ. ಕಚ್ಚಾ ಮಾಲು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ, ಅಷ್ಟೇ ಹಿಡಿದುಕೊಂಡೆ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ದೈತ್ಯ ಹೆಂಗಸರು ಅದಿರು, ಕಲ್ಲಿದ್ದಲು ಹಿಡಿದು ಕೂತಿದ್ದಾರೆ. ನೆಲದೊಳಗಿಂದ ಬಂದದ್ದೇ ಕೆಳಗೆ ಎಂಜಿನ್ ಆಗ್ತಿದೆ. ಗಣಿ ಊರಿನವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಕಂಡದ್ದು ಬೆನ್ನುಗಳು. ಭಾರ ಎಳೆಯುವವರು ಮೈಯನ್ನು ಹಿಂದಕ್ಕೆ ವಾಲಿಸಿದ್ದಾರೆ, ಹಗ್ಗಜಗ್ಗಾಟದ ಹಾಗೆ. ಬರೀ ತೋಳಿನಲ್ಲಿ ಎಳೆದರೆ ಸೊಂಟ ಹೋಗುತ್ತೆ, ಮೈಭಾರವನ್ನೇ ಹಾಕಬೇಕು. ನಮ್ಮಲ್ಲಿ ಹೊಸ ಹುಡುಗರಿಗೆ ಇದನ್ನು ಬೈದು ಬೈದು ಕಲಿಸಬೇಕಿತ್ತು. ಈ ಮನುಷ್ಯ ಕಾರ್ಖಾನೆಯಲ್ಲಿ ನಿಂತು ನೋಡಿಯೇ ಬರೆದಿದ್ದಾನೆ. ಕೆಳಗಿನ ಚಿಕ್ಕ ಚಿತ್ರಗಳಲ್ಲಿ ಹಾಜರಿ ಒತ್ತುವುದು, ಊಟಕ್ಕೆ ಕೂರುವುದು, ಸಂಬಳಕ್ಕೆ ಸಾಲು ನಿಲ್ಲುವುದೂ ಇದೆ.

ದಕ್ಷಿಣದ ಗೋಡೆಯಲ್ಲಿ ಕಾರು ಜೋಡಿಸುತ್ತಾರೆ. ಪೂರ್ತಿಯಾದ ಕಾರು ಹುಡುಕಿ ಹುಡುಕಿ ಸಾಕಾಯ್ತು. ಸಾಲಿನ ತುದಿಯಲ್ಲಿ, ದೂರದಲ್ಲಿ, ಹುಣಸೆ ಬೀಜದಷ್ಟು ಕೆಂಪು ಕಾರು ಒಂದೇ ಒಂದು.

2013ರಲ್ಲಿ ಡೆಟ್ರಾಯ್ಟ್ ನಗರವೇ ದಿವಾಳಿಯಾಯ್ತು. ಮ್ಯೂಸಿಯಂನ ಚಿತ್ರಗಳನ್ನು ಮಾರಿ ಸಾಲ ತೀರಿಸಿ ಅಂದವರಿದ್ದರು. ಕೊನೆಗೆ ದತ್ತಿ ಸಂಸ್ಥೆಗಳು, ರಾಜ್ಯ ಸರ್ಕಾರ ಎಲ್ಲ ಸೇರಿ 80 ಕೋಟಿ ಡಾಲರ್‌ಗೂ ಜಾಸ್ತಿ ಹಣ ಹೊಂದಿಸಿದರು. ಚಿತ್ರಗಳೂ ಉಳಿದವು, ನಗರದ ನಿವೃತ್ತ ನೌಕರರ ಪಿಂಚಣಿಗೂ ಆಸರೆ ಆಯ್ತು. ನಮ್ಮಲ್ಲಿ ಮೂರು ಕಿಲೋಮೀಟರ್‌ಗೂ ಆಳ ಇಳಿದ ಚಾಂಪಿಯನ್ ರೀಫ್ ಗಣಿಯಲ್ಲಿ ಈಗ ನೀರು, ಮೇಲೆ ಸೈನೈಡ್ ದಿಬ್ಬ, ಚಿನ್ನ ತೆಗೆದು ಉಳಿದ ಮಣ್ಣಿನ ರಾಶಿ. ದಿಬ್ಬದ ಮೇಲೆ ಸಿನಿಮಾದವರು ಹಾಡು ತೆಗೀತಾರೆ. ನನಗೆ ಹೊಟ್ಟೆಕಿಚ್ಚು ಆಗಿದ್ದು ನಿಜ.

ಮೂರು ಗಂಟೆ ಕೂತಿದ್ದೆ. ನನ್ನಾಕೆ ಬಂದು, "ಇನ್ನೂ ಇಲ್ಲೇನಾ?" ಅಂದಳು. ಅವಳು ವ್ಯಾನ್ ಗೋ ತನ್ನ ಮುಖ ತಾನೇ ಬರೆದುಕೊಂಡ ಚಿತ್ರ ನೋಡಿ ಬಂದಿದ್ದಳು. "ಪಾಪ, ನಿದ್ದೆಗೆಟ್ಟಿರೋ ಹಾಗಿದಾನೆ" ಅಂದಳು.

ಊರಿಗೆ ಬಂದ ಮೇಲೆ ಬಂಗಾರಪೇಟೆ ಸ್ಟೇಷನ್ ಹತ್ತಿರ ಟೀ ಅಂಗಡಿಯಲ್ಲಿ ಒಬ್ಬ ಗೆಳೆಯನಿಗೆ ಫೋಟೋ ತೋರಿಸಿದೆ. ಗಣಿಯಲ್ಲಿ ಅವನು ವೈಂಡಿಂಗ್ ಮಷೀನ್, ಅಂದ್ರೆ ಆಳಕ್ಕೆ ಇಳಿಸಿ ಏರಿಸೋ ಯಂತ್ರ, ನಡೆಸುತ್ತಿದ್ದ.

"ಕಾರೆಲ್ಲಪ್ಪಾ?" ಅಂದ. ಬೆರಳಲ್ಲಿ ಹಿಗ್ಗಿಸಿ ಕೆಂಪು ಚುಕ್ಕಿ ತೋರಿಸಿದೆ.

"ಇಷ್ಟೇನಾ? ನಮ್ದೂ ಹಂಗೇ ಅಲ್ವಾ, ಕೊನೇಲಿ ಟನ್ ಕಲ್ಲಿಗೆ ಬರೀ ಕೆಲವೇ ಗ್ರಾಂ ಚಿನ್ನ." ಟೀ ಲೋಟ ಕೆಳಗಿಟ್ಟು ಫೋನು ಕಿತ್ಕೊಂಡ. "ಅದು ಬಿಡು, ಆ ಎಳೀತಿರೋರನ್ನ ತೋರ್ಸು. ಹಿಂದೆ ನಿಂತಿರೋನ ಮುಖ ಕಾಣಿಸ್ತಿಲ್ಲ."